ಮರ ಸಾಗಿಸುವ ಲಾರಿಗೆ ಹಾಕಿದ ದಾರಿ, ಸೈಕಲ್‌ಗೆ ಸಿಕ್ಕ ಭಾಗ್ಯ

ಸ್ಕಾಟ್ಲೆಂಡಿನ ಕಾಡುದಾರಿಯ ಫೋಟೋ ಹಾಕಿದಾಗಲೆಲ್ಲ ಇನ್‌ಬಾಕ್ಸಿಗೆ ಬರುವ ಪ್ರಶ್ನೆ ಒಂದೇ. "ಯಾವ ಸೈಕಲ್ ಗುರು ಅದು? ಎಷ್ಟಾಯ್ತು?" ದಾರಿಯ ಬಗ್ಗೆ ಯಾರೂ ಕೇಳುವುದಿಲ್ಲ. ನನಗೆ ಹೇಳಬೇಕು ಅನ್ನಿಸುವುದು ಅದರ ಬಗ್ಗೆಯೇ. ಬರಹ ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

ಸೈಕಲ್ ವಿಷಯ ಮೊದಲು ಮುಗಿಸಿಬಿಡೋಣ. ಅದು ಗ್ರಾವೆಲ್ ಬೈಕ್, ಜಲ್ಲಿ ದಾರಿಯ ಸೈಕಲ್. ಅಂದರೆ ರೋಡ್ ಬೈಕಿನ ಬಾಗಿದ ಹ್ಯಾಂಡಲ್, 40 ಎಂಎಂ ಆಸುಪಾಸಿನ ದಪ್ಪ ಟೈರ್, ಏರು ಹತ್ತೋಕೆ ಹಗುರ ಗೇರ್. ಟೈರಿನಲ್ಲಿ ಗಾಳಿ ಕಮ್ಮಿ ಇರಬೇಕು, ಆಗ ಜಲ್ಲಿ ಮೇಲೆ ಹಿಡಿತ ಸಿಗುತ್ತದೆ. ಅಷ್ಟೇ. ಮನೆಯಲ್ಲಿ ಹಳೆಯ ಹೈಬ್ರಿಡ್ಡೋ ಮೌಂಟನ್ ಬೈಕೋ ಇದ್ದರೆ ಅದರಲ್ಲೇ ಹೊರಡಿ. ಕಂಪನಿಗಳು ‘ಅಡ್ವೆಂಚರ್’ ಅಂತ ಹೆಸರಿಟ್ಟು ಲಕ್ಷಗಟ್ಟಲೆ ಕೀಳುವುದು ಅವರ ಕಸುಬು. ಅದಕ್ಕೆ ನಾವು ತಲೆ ಕೊಡಬೇಕು ಅಂತೇನಿಲ್ಲ.

ನಾನಿರುವುದು ಗ್ಲಾಸ್ಗೋದಲ್ಲಿ. ಇಲ್ಲಿಂದ ಉತ್ತರಕ್ಕೆ ಹೋದರೆ ಟ್ರಾಸಕ್ಸ್ ಅನ್ನುವ ಗುಡ್ಡಗಾಡು ಸಿಗುತ್ತದೆ. ಕಾಡು, ನಡುನಡುವೆ ಲಾಖ್‌ಗಳು, ಅಂದರೆ ಸರೋವರಗಳು. ಪಕ್ಕದ ಲಾಖ್ ಲೋಮಂಡ್ ಜೊತೆ ಸೇರಿ 2002ರಲ್ಲಿ ಸ್ಕಾಟ್ಲೆಂಡಿನ ಮೊದಲ ನ್ಯಾಷನಲ್ ಪಾರ್ಕ್ ಆದದ್ದು ಇದೇ ಪ್ರದೇಶ. ಅಬರ್‌ಫಾಯ್ಲ್ ಅನ್ನುವ ಸಣ್ಣ ಊರಿನಿಂದ ಹೊರಟರೆ ಲಾಖ್ ಆರ್ಡ್, ಲಾಖ್ ಕ್ಯಾಟ್ರಿನ್, ಲಾಖ್ ಆಖ್ರೇ, ಲಾಖ್ ವೆನಖರ್ ಅಂತ ಒಂದಾದ ಮೇಲೊಂದು ನೀರಿನ ಪಕ್ಕದಲ್ಲೇ ದಿನವಿಡೀ ಸುತ್ತಬಹುದು. ಕಾರಿನ ಸಹವಾಸ ಅಲ್ಲಲ್ಲಿ ಒಂದಿಷ್ಟು ದೂರ ಮಾತ್ರ.

ನೋಡೋಕೆ ಬಂದ ನಮ್ಮವರೆಲ್ಲ "ಸೈಕಲ್‌ಗೋಸ್ಕರ ಎಂಥಾ ದಾರಿ ಮಾಡಿದ್ದಾರೆ ನೋಡಿ, ದೇಶ ಅಂದರೆ ಇದು" ಅನ್ನುತ್ತಾರೆ. ನನ್ನ ತಕರಾರು ಶುರುವಾಗುವುದು ಇಲ್ಲೇ. ಇದರಲ್ಲಿ ಬಹುಪಾಲನ್ನು ಸೈಕಲ್‌ಗೆ ಅಂತ ಯಾರೂ ಮಾಡಿಲ್ಲ. ಒಂದು ದಾರಿ ಕುಡಿಯುವ ನೀರಿನ ಕೆಲಸಕ್ಕೆ ಆದದ್ದು. ಇನ್ನೊಂದು ಮರ ಸಾಗಿಸೋಕೆ. ಮತ್ತೊಂದು ರೈಲಿಗೆ. ನಾವು ಆಮೇಲೆ ಬಂದು ಸೇರಿಕೊಂಡವರು.

ನೀರಿನ ಕಥೆ ಹೇಳುತ್ತೇನೆ. 1848-49ರಲ್ಲಿ ಒಮ್ಮೆ, 1853-54ರಲ್ಲಿ ಮತ್ತೊಮ್ಮೆ ಗ್ಲಾಸ್ಗೋಗೆ ಕಾಲರಾ ಬಡಿಯಿತು. ಊರಿನ ನೀರು ಕೆಟ್ಟಿತ್ತು. ಕೊನೆಗೆ ನಗರದವರು ಗುಡ್ಡಗಳ ನಡುವಿನ ಲಾಖ್ ಕ್ಯಾಟ್ರಿನ್‌ನಿಂದ ನೀರು ತರೋಣ ಅಂತ ತೀರ್ಮಾನ ಮಾಡಿದರು. ಜಾನ್ ಫ್ರೆಡರಿಕ್ ಬೇಟ್‌ಮನ್ ಅನ್ನುವ ಎಂಜಿನಿಯರ್ ಗುಡ್ಡ ಕೊರೆಸಿ, ಹಳ್ಳಗಳಿಗೆ ಸೇತುವೆ ಕಟ್ಟಿಸಿ, ಸುಮಾರು 26 ಮೈಲಿ ದೂರ ನೀರಿನ ದಾರಿ ಎಳೆದ. ಪಂಪ್ ಗಿಂಪ್ ಏನೂ ಇಲ್ಲ. ಇಳಿಜಾರಿನಲ್ಲೇ ಹರಿದು ನಗರದ ಹತ್ತಿರದ ಮಿಲ್ಗಾಯ್‌ಗೆ ಬಂದು ಸೇರುತ್ತದೆ. 1859ರ ಅಕ್ಟೋಬರ್‌ನಲ್ಲಿ ವಿಕ್ಟೋರಿಯಾ ರಾಣಿ ಬಂದು ಉದ್ಘಾಟನೆ ಮಾಡಿದಳು. ಗ್ಲಾಸ್ಗೋ ಇವತ್ತಿಗೂ ಆ ನೀರನ್ನೇ ಕುಡಿಯುತ್ತಿದೆ.

ಆ ಸರೋವರದ ಉತ್ತರ ದಡದಲ್ಲಿ ಒಂದು ಖಾಸಗಿ ರಸ್ತೆ ಇದೆ. ಟ್ರಾಸಕ್ಸ್ ಪಿಯರ್ ಅನ್ನುವ ದೋಣಿಕಟ್ಟೆಯಿಂದ ಸ್ಟ್ರೋನಖ್ಲಾಖರ್ ತನಕ ಸುಮಾರು 13 ಮೈಲಿ. ಸಾರ್ವಜನಿಕರ ಕಾರು ಬಿಡುವುದಿಲ್ಲ. ನೀರಿನವರ ಗಾಡಿ, ಅಲ್ಲೇ ವಾಸ ಇರುವವರ ಗಾಡಿ ಬಿಟ್ಟರೆ ನೀವು, ಕುರಿಗಳು, ನೀರು. ಇದು ಜಲ್ಲಿ ದಾರಿಯಲ್ಲ, ಡಾಂಬರು. ಗ್ರಾವೆಲ್ ಮಡಿವಂತರು ಮೂಗು ಮುರಿಯುತ್ತಾರೆ. ಮುರಿಯಲಿ ಬಿಡಿ. ಮಕ್ಕಳನ್ನು ಮುಂದೆ ಬಿಟ್ಟು ಹಿಂದೆ ಹರಟೆ ಹೊಡೆಯುತ್ತ ಹೋಗಬಹುದಾದ ರಸ್ತೆ ಜಗತ್ತಿನಲ್ಲಿ ಎಷ್ಟಿವೆ ಹೇಳಿ? ಅರ್ಧ ದೂರ ಸಾಕು ಅನ್ನುವವರು ಸೈಕಲ್ಲನ್ನು ದೋಣಿಗೆ ಹಾಕಿಕೊಂಡು ಆ ತುದಿಗೆ ಹೋಗಿ, ತುಳಿದುಕೊಂಡು ವಾಪಸ್ ಬರುತ್ತಾರೆ. ದಾರಿಯಲ್ಲಿ ಮ್ಯಾಕ್‌ಗ್ರೆಗರ್ ಮನೆತನದ ಒಂದು ಸಣ್ಣ ಸ್ಮಶಾನ ಸಿಗುತ್ತದೆ. ಸರೋವರದ ಮಟ್ಟ ಏರಿಸಿದಾಗ ಮುಳುಗದಂತೆ ಅದನ್ನು ಉಳಿಸಿಕೊಂಡಿದ್ದಾರೆ. ದಡದಿಂದ ನೀರಿನೊಳಕ್ಕೆ ಚಾಚಿದ ಕಿರುದಾರಿಯ ಕೊನೆಗೆ ಗೋಡೆ ಕಟ್ಟಿದ ಚೌಕ, ಒಳಗೆ ಗೋರಿಕಲ್ಲುಗಳು. ಈ ಮನೆತನದ ರಾಬ್ ರಾಯ್ ಹುಟ್ಟಿದ್ದು ಇದೇ ಸರೋವರದ ತುದಿಯ ಗ್ಲೆನ್‌ಗೈಲ್‌ನಲ್ಲಿ, 1671ರಲ್ಲಿ. ದನದ ವ್ಯಾಪಾರಿ. ದುಡ್ಡು ಕೊಟ್ಟವರ ದನ ಕಾಯುತ್ತಿದ್ದ, ಕೊಡದವರ ದನ ಏನಾಗುತ್ತಿತ್ತು ಅಂತ ನೀವೇ ಊಹಿಸಿಕೊಳ್ಳಿ.

ಅಸಲಿ ಜಲ್ಲಿ ಸಿಗುವುದು ಕಾಡಿನೊಳಗೆ. ಮೊದಲನೇ ಮಹಾಯುದ್ಧದಲ್ಲಿ ಬ್ರಿಟನ್ನಿಗೆ ಮರದ ಬರ ಬಂತು. ಗಣಿಗೂ ಬೇಕು, ಕಂದಕಕ್ಕೂ ಬೇಕು. ಹೊರಗಿಂದ ತರಿಸೋಣ ಅಂದರೆ ಸಮುದ್ರದಲ್ಲಿ ಜರ್ಮನ್ ಸಬ್‌ಮರೀನ್‌ಗಳ ಕಾಟ. ಹಾಗಾಗಿ 1919ರಲ್ಲಿ ಫಾರೆಸ್ಟ್ರಿ ಕಮಿಷನ್ ಹುಟ್ಟಿತು. ಬೋಳು ಗುಡ್ಡಗಳ ಮೇಲೆ ಸಾಲುಸಾಲಾಗಿ ಮರ ನೆಟ್ಟರು. ಹೆಚ್ಚಿನದು ಸಿಟ್ಕಾ ಸ್ಪ್ರೂಸ್, ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಮರ. ಬೇಗ ಬೆಳೆಯುತ್ತದೆ, ಮಳೆಗೆ ಜಗ್ಗುವುದಿಲ್ಲ. ಬುಡದಲ್ಲಿ ಕತ್ತಲೆ, ಬೇರೆ ಗಿಡ ಏಳುವುದೇ ಕಷ್ಟ. ಮಲೆನಾಡಿನ ಅಕೇಶಿಯಾ ತೋಪು ನೋಡಿದವರಿಗೆ ಈ ಕಾಡಿನ ಸ್ವಭಾವ ತಕ್ಷಣ ಗೊತ್ತಾಗುತ್ತದೆ. ಬಲಿತ ಮೇಲೆ ಇಡೀ ಗುಡ್ಡವನ್ನು ಒಂದೇ ಸಲಕ್ಕೆ ಬೋಳಿಸುತ್ತಾರೆ. ನೋಡೋಕೆ ಚೆನ್ನಾಗಿರಲ್ಲ. ಬರೀ ಬೊಡ್ಡೆ, ಮುರಿದ ಕೊಂಬೆ, ಕೆಸರು.

ಆ ಮರ ಸಾಗಿಸುವ ಲಾರಿಗೆ ಅಂತ ಹಾಕಿದ್ದು ಈ ಜಲ್ಲಿ ರಸ್ತೆಗಳು. ಅಲ್ಲೇ ಗುಡ್ಡ ಅಗೆದು ತೆಗೆದ ಕಲ್ಲು, ಅದನ್ನೇ ಪುಡಿ ಮಾಡಿ ಹರಡಿ ಉರುಳೆ ಹೊಡೆದದ್ದು. ಸಣ್ಣ ಒಡೆದ ಕಲ್ಲುಗಳು ಭಾರಕ್ಕೆ ಒಂದಕ್ಕೊಂದು ಕಚ್ಚಿಕೊಂಡು ಗಟ್ಟಿಯಾಗುತ್ತವೆ, ನಡುವೆ ಸ್ವಲ್ಪ ಉಬ್ಬಿಸಿದರೆ ನೀರು ಪಕ್ಕಕ್ಕೆ ಹರಿಯುತ್ತದೆ ಅಂತ ತೋರಿಸಿಕೊಟ್ಟವನೂ ಸ್ಕಾಟ್ಲೆಂಡಿನವನೇ, ಏರ್ ಊರಿನಲ್ಲಿ 1756ರಲ್ಲಿ ಹುಟ್ಟಿದ ಜಾನ್ ಲೌಡನ್ ಮ್ಯಾಕಡಮ್. ನಮ್ಮ ಕಂಟ್ರಾಕ್ಟರ್‌ಗಳು ಡಬ್ಲ್ಯೂಬಿಎಂ (ವಾಟರ್ ಬೌಂಡ್ ಮ್ಯಾಕಡಮ್) ರಸ್ತೆ ಅನ್ನುತ್ತಾರಲ್ಲ, ಅದರಲ್ಲಿರುವ ಎಂ ಇವನೇ.

ಇಂಥ ರಸ್ತೆಯಲ್ಲಿ ತುಳಿಯುವಾಗ ಕಣ್ಣು ಎರಡು ಗೆರೆ ಬಿಟ್ಟು ಕದಲುವುದಿಲ್ಲ. ಲಾರಿ ಚಕ್ರ ಓಡಿ ಓಡಿ ಎರಡು ಪಟ್ಟಿ ಗಟ್ಟಿಯಾಗಿರುತ್ತದೆ. ನಡುವೆ ಸಡಿಲ ಕಲ್ಲು, ಮೇಲೊಂದಿಷ್ಟು ಹುಲ್ಲು. ಪಟ್ಟಿ ಮೇಲಿದ್ದರೆ ಟೈರಿನ ಸದ್ದು ಒಂದೇ ಸಮ. ನಡುವೆ ಜಾರಿದರೆ ಕಲ್ಲುಗಳು ಚಟಪಟ ಸಿಡಿದು ಫ್ರೇಮಿಗೆ ಹೊಡೆಯುತ್ತವೆ. ಏರಿನಲ್ಲಿ ಎದ್ದು ನಿಂತು ತುಳಿದಿರೋ, ಹಿಂದಿನ ಚಕ್ರ ಸುಮ್ನೆ ಗಿರ್ರನೆ ತಿರುಗುತ್ತದೆ, ಸೈಕಲ್ ನಿಂತಲ್ಲೇ. ಕೂತೇ ತುಳಿಯಬೇಕು, ಭಾರ ಹಿಂದೆ ಇರಬೇಕು. ಇಳಿಜಾರಿನಲ್ಲಿ ಹ್ಯಾಂಡಲ್ ಬಿಗಿ ಹಿಡಿದಷ್ಟೂ ಕೈ ಜೋಮು ಹಿಡಿಯುತ್ತದೆ. ಸಡಿಲ ಬಿಟ್ಟರೆ ಮುಂದಿನ ಚಕ್ರ ತಾನೇ ದಾರಿ ಹುಡುಕಿಕೊಳ್ಳುತ್ತದೆ. ಹಿಂದಿನಿಂದ ಹಾರ್ನ್ ಹೊಡೆಯುವವರು ಯಾರೂ ಇಲ್ಲದಾಗ ಮಾತ್ರ ಇಷ್ಟೆಲ್ಲ ಗಮನ ಕಲ್ಲಿಗೆ ಕೊಡೋಕೆ ಆಗುವುದು.

ಕೆಲವು ಗೆಳೆಯರಿಗೆ ಬೋಳು ಗುಡ್ಡ ಕಂಡರೆ ಸಿಟ್ಟು. "ಕಾಡು ಹಾಳು ಮಾಡಿಬಿಟ್ಟರು" ಅನ್ನುತ್ತಾರೆ. ಅಯ್ಯೋ, ಕಡಿಯೋಕೆ ಅಂತಲೇ ನೆಟ್ಟ ಕಾಡಪ್ಪಾ ಅದು. ಮರ ಕಡಿಯುವುದು ನಿಂತರೆ ರಸ್ತೆ ರಿಪೇರಿ ಮಾಡಿಸುವವರು ಯಾರು? ವಾರದ ದಿನ ಹೋದರೆ ಕೆಲವು ಕಡೆ ‘ಮರ ಕಡಿಯುವ ಕೆಲಸ ನಡೆದಿದೆ’ ಅಂತ ಬೋರ್ಡ್ ಇರುತ್ತದೆ. ಪಕ್ಕದಿಂದ ನುಸುಳಿ ಹೋಗುವ ಬುದ್ಧಿವಂತರೂ ಇದ್ದಾರೆ. ಟನ್‌ಗಟ್ಟಲೆ ಮರದ ರಾಶಿ, ಯಂತ್ರದವನಿಗೆ ನೀವು ಕಾಣುವುದೂ ಇಲ್ಲ. ಸುತ್ತು ಹಾಕಿ ಹೋದರೆ ಗಂಟೇನೂ ಹೋಗಲ್ಲ.

ರೈಲಿನದು ಚಿಕ್ಕ ಕಥೆ. ಕ್ಯಾಲಂಡರ್ ಊರಿನಿಂದ ಓಬನ್ ಕಡೆಗೆ ಒಂದು ಲೈನ್ ಇತ್ತು. ಅದನ್ನು 1965ರ ನವೆಂಬರ್‌ನಲ್ಲಿ ಮುಚ್ಚಬೇಕು ಅಂತ ಮೊದಲೇ ತೀರ್ಮಾನವಾಗಿತ್ತು. ಸೆಪ್ಟೆಂಬರ್‌ನಲ್ಲೇ ಗ್ಲೆನ್ ಓಗಲ್ ಕಣಿವೆಯಲ್ಲಿ ಬಂಡೆ ಕುಸಿಯಿತು, ಅಲ್ಲಿಗೆ ರೈಲಿನ ಕಥೆ ಮುಗಿಯಿತು. ಈಗ ಲಾಖ್ ಲುಬ್ನೇಗ್‌ನ ಪಶ್ಚಿಮ ದಡದಲ್ಲಿ, ಹೆಚ್ಚಾಗಿ ಹಳೆಯ ಹಳಿಯ ಜಾಗದ ಮೇಲೆ, ನ್ಯಾಷನಲ್ ಸೈಕಲ್ ನೆಟ್‌ವರ್ಕ್‌ನ 7ನೇ ದಾರಿ ಹೋಗುತ್ತದೆ. ಎದುರು ದಡದ ಹೆದ್ದಾರಿಯಲ್ಲಿ ಕಾರುಗಳ ಸಾಲು. ನೀರಿನ ಈಚೆ ನಾವು. ರೈಲು ಕಡಿದಾದ ಏರು ಹತ್ತಲ್ಲ ನೋಡಿ, ಹಾಗಾಗಿ ಮಂಡಿ ನೋವಿನವರೂ ಹೋಗಬಹುದು.

ಇಷ್ಟು ದಾರಿ ಇದ್ದರೂ ಗೇಟಿಗೆ ಬೀಗ ಹಾಕಿ ‘ಪ್ರವೇಶವಿಲ್ಲ’ ಅಂದಿದ್ದರೆ ನಮಗೇನು ಸಿಗುತ್ತಿತ್ತು? ಚಿಪ್ಪು. ಇಲ್ಲಿ ಕೆಲಸಕ್ಕೆ ಬಂದದ್ದು 2003ರ ಸ್ಕಾಟ್ಲೆಂಡ್ ಭೂ ಸುಧಾರಣಾ ಕಾಯ್ದೆ. ನಮ್ಮಲ್ಲಿ ಭೂ ಸುಧಾರಣೆ ಅಂದರೆ ಉಳುವವನೇ ಹೊಲದೊಡೆಯ. ಇಲ್ಲಿನ ಕಾಯ್ದೆ ಇನ್ನೊಂದು ಹಕ್ಕನ್ನೂ ಕೊಟ್ಟಿತು: ಜಮೀನು ಯಾರದ್ದೇ ಇರಲಿ, ಜವಾಬ್ದಾರಿಯಿಂದ ನಡೆದುಕೊಂಡರೆ ಅದರ ಮೇಲೆ ನಡೆಯಬಹುದು, ಸೈಕಲ್ ತುಳಿಯಬಹುದು, ಕುದುರೆ ಸವಾರಿ ಮಾಡಬಹುದು. ಮೋಟಾರು ಗಾಡಿಗೆ ಆ ಹಕ್ಕಿಲ್ಲ. ಮನೆಯ ಅಂಗಳ, ಬೆಳೆ ನಿಂತ ಹೊಲ ಇಂಥವು ಹೊರತು. ಕಾಡಿನ ಕಬ್ಬಿಣದ ಗೇಟಿಗೆ ಬೀಗ ಇರುತ್ತದೆ, ಪಕ್ಕದಲ್ಲಿ ಸೈಕಲ್ ತೂರುವಷ್ಟು ಸಂದು ಇರುತ್ತದೆ. ಕಾಯ್ದೆ ಓದುವುದೇ ಬೇಡ, ಆ ಸಂದು ನೋಡಿದರೆ ಸಾಕು. ಇಂಗ್ಲೆಂಡಿಗೆ ಹೋಗಿ ನೋಡಿ. ಅಲ್ಲಿ 1968ರ ಕಾಯ್ದೆಯ ಪ್ರಕಾರ ಕುದುರೆ ದಾರಿಯಲ್ಲಿ ಸೈಕಲ್ ಬಿಡುತ್ತಾರೆ, ಕಾಲುದಾರಿಯಲ್ಲಿ ಆ ಹಕ್ಕಿಲ್ಲ. ಮ್ಯಾಪ್ ಹಿಡಿದು ಗೆರೆ ಎಣಿಸಿಕೊಂಡು ಹೋಗಬೇಕು.

ಇದನ್ನೆಲ್ಲ ಹೇಳಿದರೆ ಬೆಂಗಳೂರಿನ ಗೆಳೆಯರು "ಬಂಡೀಪುರದಲ್ಲೂ ಹೀಗೇ ಬಿಡಬೇಕು ಮಗಾ" ಅನ್ನುತ್ತಾರೆ. ದಯವಿಟ್ಟು ಬೇಡ. ಇಲ್ಲಿನ ಕಾಡಿನಲ್ಲಿ ತೋಳ, ಕರಡಿ ಎಲ್ಲ ಖಾಲಿಯಾಗಿ ನೂರಾರು ವರ್ಷವಾಯಿತು. ಉಳಿದ ದೊಡ್ಡ ಪ್ರಾಣಿ ಅಂದರೆ ಕೆಂಪು ಜಿಂಕೆ. ನಮ್ಮಲ್ಲಿ ಆನೆ, ಹುಲಿ ಇವೆ. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ವಾಹನ ನಿಲ್ಲಿಸೋಕೆ 2009ರಲ್ಲಿ ಶುರು ಮಾಡಿದ್ದು ಸುಮ್ನೆ ಅಲ್ಲ. ಆಸೆ ಇದ್ದರೆ ನಾಲೆಗಳ ಕಡೆ ನೋಡಿ. ಮಂಡ್ಯದ ವಿಶ್ವೇಶ್ವರಯ್ಯ ನಾಲೆ ಇರಲಿ, ತುಂಗಭದ್ರೆಯ ಕಾಲುವೆಗಳಿರಲಿ, ಏರಿ ಮೇಲೆ ಇಲಾಖೆಯ ಜೀಪಿಗೆ ಅಂತ ದಾರಿ ಇದ್ದೇ ಇರುತ್ತದೆ. ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ. ತಡೆಗೋಡೆ ಬೇಕು, ಅದು ಖರ್ಚಿನ ಮಾತು, ಒಪ್ಪುತ್ತೇನೆ. ಆದರೂ ಹೊಸ ಸೈಕಲ್ ಟ್ರ್ಯಾಕ್ ಅಂತ ಬಣ್ಣ ಬಳಿದು, ಮರುವಾರ ಅದರ ಮೇಲೆ ಕಾರು ಪಾರ್ಕ್ ಮಾಡುವುದಕ್ಕಿಂತ ಇದು ವಾಸಿ ಅಲ್ವಾ?

ಟ್ರಾಸಕ್ಸ್ ಬಗ್ಗೆ ನನಗಿರುವ ನಿಜವಾದ ಸಿಟ್ಟು ಬೇರೆಯೇ. ಕಾರಿಲ್ಲದ ದಾರಿಗೆ ಬರುವವರಲ್ಲಿ ಬಹಳ ಜನ ಬರುವುದು ಕಾರಿನಲ್ಲಿ. ಬೇಸಿಗೆಯ ಭಾನುವಾರ ಪಾರ್ಕಿಂಗ್‌ಗೆ ಜಾಗ ಸಿಗಲ್ಲ. ಛಾವಣಿ ಮೇಲೆ ಎರಡು ಸೈಕಲ್ ಕಟ್ಟಿಕೊಂಡು ಜಾಗಕ್ಕಾಗಿ ಸುತ್ತುವವರನ್ನು ನೋಡಿದರೆ ನಗಬೇಕೋ ಅಳಬೇಕೋ ಗೊತ್ತಾಗಲ್ಲ. ಅವರನ್ನು ಬೈದು ಪ್ರಯೋಜನವೂ ಇಲ್ಲ. ಅಬರ್‌ಫಾಯ್ಲ್‌ಗೆ ಒಂದು ಕಾಲದಲ್ಲಿ ರೈಲಿತ್ತು, 1951ರಲ್ಲಿ ಪ್ರಯಾಣಿಕರ ಗಾಡಿ ನಿಂತಿತು. ಈಗ ಬಸ್ಸಿನಲ್ಲಿ ಸೈಕಲ್ ಹಾಕಿಸಿಕೊಳ್ಳೋಣ ಅಂದರೆ ಡ್ರೈವರ್ ಮುಖ ನೋಡಿ ಅಂಗಲಾಚಬೇಕು. ಇನ್ನೊಂದು ಹೊಸ ಟ್ರೇಲ್ ಮಾಡೋಕೆ ಸುರಿಯುವ ದುಡ್ಡಿನಲ್ಲಿ ನಾಲ್ಕು ಸೈಕಲ್ ಹಿಡಿಸುವ ಬಸ್ ಬಿಟ್ಟರೆ ಎಷ್ಟೋ ಉಪಕಾರ. ಕಾರಿಲ್ಲದ ವಿದ್ಯಾರ್ಥಿಗಳು, ಹೊಸದಾಗಿ ಬಂದ ನಮ್ಮ ಹುಡುಗರು, ಅವರಿಗೂ ಈ ಕಾಡು ನೋಡುವ ಹಕ್ಕಿದೆ. ಹಕ್ಕು ಕಾಯ್ದೆಯಲ್ಲಿ ಮಾತ್ರ ಇದ್ದು ಸ್ಟಾಪಿನಲ್ಲಿ ಇಲ್ಲದಿದ್ದರೆ ಏನು ಬಂತು?

ಸದ್ಯಕ್ಕೆ ನಾನು ಕಂಡುಕೊಂಡ ಉಪಾಯ ಇದು. ಗ್ಲಾಸ್ಗೋದಿಂದ ಬ್ಯಾಲಖ್ ತನಕ ರೈಲು, ಸೈಕಲ್‌ಗೆ ಟಿಕೆಟ್ ಇಲ್ಲ. ಅಲ್ಲಿಂದ ಅದೇ 7ನೇ ದಾರಿ ಹಿಡಿದು ಡ್ರಿಮೆನ್ ಮೇಲೆ ಅಬರ್‌ಫಾಯ್ಲ್. ಮೊದಲು ಹಳ್ಳಿ ರಸ್ತೆ, ಅಲ್ಲಿ ಒಂದೊಂದು ಕಾರು ಬರುತ್ತದೆ, ಆಮೇಲೆ ಕಾಡು. ಹೊರಡುವುದಾದರೆ ಮೇ ತಿಂಗಳ ಶುರುವಿನಲ್ಲೇ ಹೊರಡಿ. ತಡ ಮಾಡಿದರೆ ಮಿಡ್ಜ್ ಅನ್ನುವ ಸಾಸಿವೆಗಿಂತ ಸಣ್ಣ ನೊಣಗಳು ಏಳುತ್ತವೆ. ಗಾಳಿ ಬೀಸುತ್ತಿದ್ದರೆ, ಸೈಕಲ್ ಓಡುತ್ತಿದ್ದರೆ ಹತ್ತಿರ ಬರಲ್ಲ. ಪಂಕ್ಚರ್ ಹಾಕೋಕೆ ಕೂತಿರೋ, ಕಿವಿ, ಕುತ್ತಿಗೆ, ರೆಪ್ಪೆ ಯಾವುದನ್ನೂ ಬಿಡಲ್ಲ. ಬರುವವರು ಕಾಮೆಂಟಿನಲ್ಲಿ ಹೇಳಿ, ಬುತ್ತಿ ಅವರವರದ್ದೇ. ಚಿತ್ರಾನ್ನ ತಂದವರ ಪಂಕ್ಚರ್ ನಾನು ಹಾಕಿಕೊಡುತ್ತೇನೆ.