ಶುಂಠಿ ರೇಟು ಮತ್ತು ಲವ್ ಸಾಂಗು

ಹಾಸನದಲ್ಲಿ ನಾನು ಆಲ್ಬಂ ಸಾಂಗ್ ಡೈರೆಕ್ಟರ್, ಅಂದರೆ ಸಿನಿಮಾಕ್ಕೆ ಸೇರದ ಬಿಡಿ ಹಾಡುಗಳ ವಿಡಿಯೋ ಮಾಡುವವನು, ಅಂದ ಕೂಡಲೇ ಜನ ಕೇಳುವುದು ಒಂದೇ ಮಾತು, "ಸರಿ, ಪಿಚ್ಚರ್ ಯಾವಾಗ ಮಾಡ್ತೀರಾ?" ಹಾಡು ಮಾಡುವುದು ಕೆಲಸವೇ ಅಲ್ಲ ಅನ್ನುವ ಹಾಗೆ. ಅವರನ್ನು ಬೈಯುವಂತೆಯೂ ಇಲ್ಲ. ಹಾಲಿವುಡ್ಡಿನ ಡೇವಿಡ್ ಫಿಂಚರ್, ಸ್ಪೈಕ್ ಜೋನ್ಜ್ ತರದವರು ಹಾಡಿನ ವಿಡಿಯೋ ಮಾಡಿಕೊಂಡೇ ಸಿನಿಮಾಕ್ಕೆ ಹೋದವರು. ಅಮೆರಿಕದ ಹಾಡಿನ ಚಾನೆಲ್ ಎಂಟಿವಿ ಶುರುವಾಗಿದ್ದು 1981ರಲ್ಲಿ. ಆದರೆ ವಿಡಿಯೋ ಮಾಡಿದವನ ಹೆಸರನ್ನು ಪರದೆ ಮೇಲೆ ಹಾಕಬೇಕು ಅಂತ ಅವರಿಗೆ ಹೊಳೆದಿದ್ದು 1992ರಲ್ಲಿ. ಆ ವಿಷಯದಲ್ಲಿ ನಮ್ಮ ಜಿಲ್ಲೆ ಮುಂದಿದೆ. ಹೆಸರು ಹಾಕಿಯೇ ಹಾಕುತ್ತಾರೆ. ಮನೆದೇವರು, ಅಪ್ಪ, ಅಮ್ಮ, ಜೀಪ್ ಕೊಟ್ಟವರು, ಬಿರಿಯಾನಿ ಕಳಿಸಿದವರು, ಇವರೆಲ್ಲ ಆದಮೇಲೆ.

ನಮ್ಮಲ್ಲಿ ದುಡ್ಡು ಹಾಕುವವನೇ ಹೀರೋ. ಆ ದುಡ್ಡು ಬರುವುದು ಶುಂಠಿಯಿಂದ, ಆಲೂಗಡ್ಡೆಯಿಂದ, ಸಕಲೇಶಪುರದ ಕಡೆಯಾದರೆ ಕಾಫಿ, ಮೆಣಸಿನಿಂದ. ಹಾಗಾಗಿ ಬೆಳಗ್ಗೆ ಎದ್ದು ನಾನು ಮೊದಲು ನೋಡುವುದು 60 ಕೆಜಿ ಶುಂಠಿ ಮೂಟೆಯ ರೇಟು. ರೇಟು ಏರಿದರೆ ತಾಲ್ಲೂಕಿಗೊಬ್ಬ ಹೀರೋ ಹುಟ್ಟುತ್ತಾನೆ. ಬಿದ್ದರೆ ನಾನು ಮದುವೆ ವಿಡಿಯೋಗೆ ಹೋಗುತ್ತೇನೆ. ಅಲ್ಲಿ ಹುಡುಗಿಯ ಚಿಕ್ಕಮ್ಮನೇ ಡೈರೆಕ್ಟರ್, ನಾನು ಸುಮ್ನೆ ಕ್ಯಾಮೆರಾ ಹಿಡಿಯುವವನು.

ಎಲ್ಲ ಹೀರೋಗಳಿಗೂ ಸ್ಲೋ ಮೋಷನ್ ಬೇಕು. ಅದಕ್ಕೊಂದು ಲೆಕ್ಕ ಇದೆ. ಪರದೆ ಮೇಲೆ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ, ಓಡುತ್ತವೆ. 48 ಫ್ರೇಮಿನಲ್ಲಿ ಶೂಟ್ ಮಾಡಿ 24ರಲ್ಲಿ ಓಡಿಸಿದರೆ ನಡಿಗೆ ನಿಧಾನವಾಗುತ್ತದೆ, ಸೆರಗು ತೇಲುತ್ತದೆ. ಆದರೆ ತುಟಿಯೂ ನಿಧಾನವಾಗುತ್ತದಲ್ವಾ? ಅದಕ್ಕೇ ಶೂಟಿಂಗ್ ಜಾಗದಲ್ಲಿ ಹಾಡನ್ನು ಎರಡರಷ್ಟು ವೇಗದಲ್ಲಿ ಹಾಕುತ್ತೇವೆ. ಹೀರೋ ಆ ವೇಗಕ್ಕೇ ಬಾಯಿ ಆಡಿಸಬೇಕು. ಎಡಿಟಿಂಗಿನಲ್ಲಿ ಎಲ್ಲ ಸರಿಯಾಗಿ ಕೂರುತ್ತದೆ. ಹೇಳೋಕೆ ಸುಲಭ.

ಸಕಲೇಶಪುರದ ಹತ್ತಿರ ಒಂದು ಕಾಫಿ ತೋಟ. ಮಾರ್ಚ್ ತಿಂಗಳು. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ವಾರ ಕಳೆದಿತ್ತು, ಗಿಡಗಳೆಲ್ಲ ಬೆಳ್ಳಗೆ ಅರಳಿದ್ದವು. ಆ ಹೂವು ಮೂರು ದಿನ ನಿಂತರೆ ಹೆಚ್ಚು, ಆಮೇಲೆ ಕಂದು ತಿರುಗುತ್ತದೆ. ಹಾಗಾಗಿ ಎಲ್ಲರಿಗೂ ಅವಸರ. ಹಾಡು ವಿರಹದ್ದು. ಹುಡುಗಿ ಬಿಟ್ಟು ಹೋಗಿದ್ದಾಳೆ, ಹುಡುಗ ಹೂವಿನ ನಡುವೆ ಕೊರಗುತ್ತಾ ಬರುತ್ತಾನೆ. ಡಬಲ್ ಸ್ಪೀಡಿನಲ್ಲಿ ಹಾಡು ಹಾಕಿದೆವು. ವಿರಹವೆಲ್ಲ ಕೀಚಲು ದನಿಯಲ್ಲಿ ಚಿಲಿಪಿಲಿ ಅಂದಿತು. ಹೀರೋ ಅದರ ಹಿಂದೆ ಬಿದ್ದು ಪಟಪಟ ಬಾಯಿ ಬಡಿದ.

ತೋಟದ ಲೆಕ್ಕ ಬರೆಯುವ ರೈಟರು ಕೆಲಸ ಬಿಟ್ಟು ಬಂದು ನಿಂತರು. "ಯಾಕ್ರೀ, ಹುಡುಗನಿಗೆ ಬಸ್ ತಪ್ಪೋಗುತ್ತಾ?"

ಮೆಣಸಿನ ಬಳ್ಳಿ ಹತ್ತಿರ ಕೂತಿದ್ದ ಅಜ್ಜಿ ಇನ್ನೂ ಮುಂದೆ ಹೋದರು. "ಆ ಹುಡ್ಗಿ ಬಿಟ್ಟೋಗಿದ್ರಲ್ಲಿ ತಪ್ಪೇನೈತೆ? ಇವನು ಆಡೋ ಒಂದು ಮಾತೂ ತಿಳಿಯಕ್ಕಿಲ್ಲ."

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಕಾಫಿ ಹೂವು ಬಿಟ್ಟಾಗ ತೋಟದ ತುಂಬ ಜೇನು ಇರುತ್ತದೆ ಅಂತ ಹೀರೋಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಅವನೇ ತೋಟದ ಮನೆಯವನು. ಆದರೂ ಕ್ಯಾಮೆರಾ ಮುಂದೆ ನಿಲ್ಲಬೇಕಲ್ಲ ಅಂತ ಅರ್ಧ ಬಾಟಲಿ ಸೆಂಟ್ ಸುರಿದುಕೊಂಡು ಬಂದಿದ್ದ. ಕ್ಯಾಮೆರಾಕ್ಕೆ ವಾಸನೆ ಬರಲ್ಲ, ಜೇನಿಗೆ ಬರುತ್ತದೆ. ಎರಡನೇ ಚರಣದಲ್ಲಿ ಒಂದು ಹುಳ ಬಂದು ಸರಿಯಾಗಿ ಕೆಳತುಟಿಗೇ ಕಚ್ಚಿತು. ರೈಟರು ಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು ಬೆರಳಲ್ಲಿ ಮೆತ್ತಿದರು. ತುಟಿ ಬೆಳ್ಳಗಾಯಿತು, ಆಮೇಲೆ ದಪ್ಪವಾಯಿತು. "ಅಣ್ಣಾ, ಕ್ಲೋಸಪ್ ಬಿಡಬೇಡಿ ಅಣ್ಣಾ," ಅಂತ ಅದರಲ್ಲೇ ಹೇಳಿದ. ಹಾಗೆ ಹೇಳಿದ ಅಂತ ಅವನ ತಮ್ಮ ಅರ್ಥ ಮಾಡಿ ತಿಳಿಸಿದ.

ಉಳಿದ ಹಾಡನ್ನೆಲ್ಲ ಬೆನ್ನ ಹಿಂದಿನಿಂದ ತೆಗೆದೆವು. ಹೂವಿನ ನಡುವೆ ಒಂದು ಬೆನ್ನು ನಿಧಾನಕ್ಕೆ ದೂರ ಹೋಗುತ್ತದೆ. ವಿಡಿಯೋ ಬಂದಮೇಲೆ ನೋಡಿದವರೆಲ್ಲ, ಎಂಥಾ ಫೀಲಿಂಗ್, ಮುಖ ತೋರಿಸದೆ ನೋವು ತೋರಿಸಿದ್ದಾರೆ ಅಂದರು. ನಾನು ಬೇಡ ಅನ್ನಲಿಲ್ಲ.

ಇನ್ನೊಬ್ಬ ಹೀರೋಗೆ ಶೆಟ್ಟಿಹಳ್ಳಿ ಚರ್ಚೇ ಆಗಬೇಕಿತ್ತು. 19ನೇ ಶತಮಾನದ ಚರ್ಚು. ಗೊರೂರು ಡ್ಯಾಂ ತುಂಬಿದಾಗ ಹೇಮಾವತಿಯ ಹಿನ್ನೀರಿನಲ್ಲಿ ಅರ್ಧ ಮುಳುಗುತ್ತದೆ, ನೀರು ಇಳಿದಾಗ ನಡೆದೇ ಒಳಗೆ ಹೋಗಬಹುದು. ನಮ್ಮ ಕಷ್ಟ ಏನೆಂದರೆ, ಮಳೆಗಾಲದಲ್ಲಿ ಅಲ್ಲಿ ನೀರಿರುತ್ತದೆ, ಹೀರೋ ಹತ್ತಿರ ದುಡ್ಡಿರುವುದಿಲ್ಲ. ಶುಂಠಿ ಕಿತ್ತು ಮಾರಿ ದುಡ್ಡು ಕೈಗೆ ಬರುವಷ್ಟರಲ್ಲಿ ಬೇಸಿಗೆ. ನಾವು ಹೋದಾಗ ಕಂಬಗಳ ನಡುವೆ ಎಮ್ಮೆ ಮೇಯುತ್ತಿದ್ದವು. ಟ್ರ್ಯಾಕ್ಟರ್ ಮೇಲೆ ತಂದಿದ್ದ ತೆಪ್ಪವನ್ನು ಇಳಿಸಲೂ ಇಲ್ಲ. ಅದಕ್ಕೂ ಬಾಡಿಗೆ ಕೊಟ್ಟೆವು.

ಮೊನ್ನೆ ಅರಕಲಗೂಡಿನ ಕಡೆಯಿಂದ ಫೋನ್ ಬಂತು. ಹೀರೋ, ಹೀರೋಯಿನ್, ಹತ್ತು ಜನ ಡ್ಯಾನ್ಸರ್ಸ್, ಡ್ರೋನ್ ಎಲ್ಲ ಮಾತಾಗಿತ್ತು. ಈಗ ಹುಡುಗನ ದನಿ ಸಣ್ಣದಾಗಿತ್ತು.

"ಅಣ್ಣಾ, ಹೊಲಕ್ಕೆ ಕೊಳೆ ರೋಗ ಬಂದದೆ. ಡ್ಯಾನ್ಸರ್ಸ್ ಬೇಡ."

"ಆಯ್ತು."

"ಡ್ರೋನೂ ಬೇಡ."

"ಆಯ್ತಪ್ಪ."

"ಹೀರೋಯಿನ್ ಇಲ್ಲದೆ ಲವ್ ಸಾಂಗ್ ಮಾಡೋಕಾಗುತ್ತಾ ಅಣ್ಣಾ?"

ಅಡ್ವಾನ್ಸ್ ಹಾಕು, ನೋಡೋಣ ಅಂದಿದ್ದೇನೆ.