ಜೂರಾದ ಊರುಗಳು ಮತ್ತು ತಾಮ್ರದ ಕೊಪ್ಪರಿಗೆ

ಫ್ರಾನ್ಸಿನ ಪೂರ್ವ ಗಡಿಯ ಜೂರಾ ಬೆಟ್ಟಗಳಲ್ಲಿ ಸಣ್ಣ ಸಣ್ಣ ಊರುಗಳು ಇನ್ನೂ ದನ ಕಟ್ಟಿ ಬದುಕುತ್ತಿವೆ. ಅದಕ್ಕೆ ಅಲ್ಲಿನ ಗಾಳಿ, ನೀರು, ಪರಂಪರೆ ಎಂದೆಲ್ಲ ಕಾರಣ ಹೇಳುವವರಿದ್ದಾರೆ. ನನ್ನ ಪ್ರಕಾರ ಮುಖ್ಯ ಕಾರಣ ಅಲ್ಲೇ ತಯಾರಾಗುವ ಕೊಂತೆ ಚೀಸಿನ ಕಟ್ಟುನಿಟ್ಟಾದ ನಿಯಮಗಳು.

ಕೊಂತೆಯ ಒಂದು ಗಾಲಿ, ಅಂದರೆ ಗಾಲಿಯಾಕಾರದ ಇಡೀ ಚೀಸ್, ಸುಮಾರು 40 ಕೆ.ಜಿ. ತೂಗುತ್ತದೆ, ಅದಕ್ಕೆ ಹತ್ತಿರಹತ್ತಿರ 400 ಲೀಟರ್ ಹಾಲು ಬೇಕು. ನಾಲ್ಕೈದು ಹಸು ಇದ್ದ ಹಿಂದಿನ ಕಾಲದ ಮನೆಗೆ ದಿನಕ್ಕೆ ಅಷ್ಟು ಹಾಲು ಎಲ್ಲಿಂದ ಬರಬೇಕು? ಹಿಮ ಬಿದ್ದು ದಾರಿ ಮುಚ್ಚುವ ನಾಡಿಗೆ ತಿಂಗಳುಗಟ್ಟಲೆ ಕೆಡದ ದೊಡ್ಡ ಚೀಸೇ ಬೇಕು. ಹಾಗಾಗಿ 13ನೇ ಶತಮಾನದಿಂದಲೇ ಊರವರು ಹಾಲು ಕೂಡಿಸಿದರು. ಆ ಕೂಡುಮನೆಯ ಹೆಸರು ಫ್ರುಯಿತಿಯೇರ್.

1958ರಲ್ಲಿ ಕೊಂತೆ ಎಂಬ ಹೆಸರಿಗೆ ಕಾನೂನಿನ ರಕ್ಷಣೆ ಸಿಕ್ಕಿತು. ಹಾಲು ಮೊಂಬೆಲಿಯಾರ್ಡ್ ಅಥವಾ ಫ್ರೆಂಚ್ ಸಿಮೆಂಟಾಲ್ ಹಸುವಿನದ್ದೇ ಆಗಿರಬೇಕು. ಹಾಲು ಕೂಡಿಸುವ ಪ್ರದೇಶ 25 ಕಿ.ಮೀ. ವ್ಯಾಸದ ವೃತ್ತವನ್ನು ಮೀರುವಂತಿಲ್ಲ. ಕಾಯಿಸದ ಹಸಿ ಹಾಲನ್ನು 24 ಗಂಟೆಯೊಳಗೆ ಕೊಪ್ಪರಿಗೆಗೆ ಸುರಿಯಬೇಕು. ಹೀಗಿರುವಾಗ ನೂರಾರು ಮೈಲಿ ಆಚೆಯ ದೊಡ್ಡ ಕಾರ್ಖಾನೆ ಈ ಹಾಲನ್ನು ಎಳೆದುಕೊಳ್ಳಲಾರದು. ಕೊಪ್ಪರಿಗೆ ಊರಿನ ಹತ್ತಿರವೇ ಉಳಿಯುತ್ತದೆ, ಅದರ ದುಡಿಮೆಯೂ ಅಲ್ಲೇ.

ಹಸಿ ಮೇವನ್ನು ಗಾಳಿಯಾಡದಂತೆ ಮುಚ್ಚಿಟ್ಟು ಹುಳಿಬರಿಸಿದ ರಸಮೇವನ್ನು ಈ ಹಸುಗಳಿಗೆ ಹಾಕುವಂತಿಲ್ಲ. ಈ ನಿಷೇಧವನ್ನು ಅನೇಕರು ಹಟ ಎಂದುಕೊಳ್ಳುತ್ತಾರೆ. ಅದು ಹಟವಲ್ಲ. ಹುಳಿಬಂದ ಮೇವಿನಲ್ಲಿ ಬ್ಯೂಟಿರಿಕ್ ಬ್ಯಾಕ್ಟೀರಿಯಾದ ಬೀಜಕಣಗಳಿರುತ್ತವೆ. ಅವು ಸಗಣಿಗೆ, ಅಲ್ಲಿಂದ ಕೆಚ್ಚಲಿಗೆ, ಕೊನೆಗೆ ಹಾಲಿಗೆ ಸೇರುತ್ತವೆ. ಸುಮಾರು 32 ಡಿಗ್ರಿಯಲ್ಲಿ ರೆನೆಟ್ ಎಂಬ ಹಾಲು ಒಡೆಸುವ ಕಿಣ್ವ ಹಾಕಿ ಹೆಪ್ಪುಗಟ್ಟಿಸಿ, ಆ ಹೆಪ್ಪನ್ನು ಗೋಧಿ ಕಾಳಿನಷ್ಟು ಸಣ್ಣಗೆ ಕತ್ತರಿಸಿ, ಕಲಕುತ್ತ 53 ಡಿಗ್ರಿಗೂ ಮೇಲೆ ಬಿಸಿ ಮಾಡುತ್ತಾರೆ. ಆ ಬಿಸಿಗೂ ಬೀಜಕಣ ಸಾಯುವುದಿಲ್ಲ. ಗಾಲಿ ನೆಲಮಾಳಿಗೆ ಸೇರಿ ವಾರಗಳಾದ ಮೇಲೆ ಒಳಗೆ ಅನಿಲ ಹುಟ್ಟಿ ಚೀಸ್ ಉಬ್ಬುತ್ತದೆ, ಬಿರಿಯುತ್ತದೆ, ಕೊಳೆತ ವಾಸನೆ ಹೊಡೆಯುತ್ತದೆ. 400 ಲೀಟರ್ ಹಾಲೂ ಹೋಯಿತು. ಅದಕ್ಕೇ ಚಳಿಗಾಲಕ್ಕೂ ಒಣಹುಲ್ಲೇ ಮುಖ್ಯ ಮೇವು.

ಕತ್ತರಿಸುವಾಗ ಕಾಳು ದಪ್ಪವಾದರೂ ತೊಂದರೆಯೇ: ತಿಳಿನೀರು ಒಳಗೇ ಉಳಿದು ಚೀಸ್ ಹುಳಿಯಾಗುತ್ತದೆ.

ಆಮೇಲೆ ಒತ್ತುವುದು, ಉಪ್ಪು ತಿಕ್ಕುವುದು, ಸ್ಪ್ರೂಸ್ ಮರದ ಹಲಗೆಯ ಮೇಲೆ ತಿರುವುತ್ತ ಮಾಗಿಸುವುದು. ಕನಿಷ್ಠ 4 ತಿಂಗಳು. ಕೊನೆಗೆ 20ಕ್ಕೆ ಅಂಕ. 14ರ ಮೇಲೆ ಬಂದರೆ ಹಸಿರು ಪಟ್ಟಿ, 12ರಿಂದ 14ರವರೆಗೆ ಕಂದು. 12ಕ್ಕಿಂತ ಕಡಿಮೆಯಾದರೆ ಕೊಂತೆ ಎಂಬ ಹೆಸರೇ ಇಲ್ಲ.

ಹಾಲು ಕರೆಯುವ ರೋಬೋಟ್‌ಗೂ ಇಲ್ಲಿ ಅವಕಾಶವಿಲ್ಲ. ಅದು ಸರಿಯೆಂದೇ ನನ್ನ ವಾದ. ಯಂತ್ರ ಹಗಲೂ ರಾತ್ರಿ ಕರೆಯಬೇಕಾದರೆ ಹಸು ಕೊಟ್ಟಿಗೆಯ ಹತ್ತಿರವೇ ಇರಬೇಕು, ದೂರದ ಹುಲ್ಲುಗಾವಲು ಬಿಟ್ಟುಹೋಗುತ್ತದೆ.

ಆದರೆ ಒಂದು ಕಡೆ ನಿಯಮ ಇನ್ನೂ ಬಿಗಿಯಾಗಬೇಕು. ಜೂರಾದ ನೆಲ ಬಿರುಕುಬಿಟ್ಟ ಸುಣ್ಣಕಲ್ಲು, ಮೇಲಿನ ಮಣ್ಣು ತೆಳು. ಹುಲ್ಲುಗಾವಲಿಗೆ ಎರಚಿದ ಸಗಣಿ-ಗಂಜಲದ ಬಗ್ಗಡ ಸೋಸದೆ ನೇರವಾಗಿ ಕೆಳಗಿಳಿದು ಲೂ ನದಿಯಂಥ ಹೊಳೆಗಳನ್ನು ಸೇರುತ್ತದೆ, ಪಾಚಿ ಬೆಳೆದು ಮೀನು ಸಾಯುತ್ತವೆ. ಹುಲ್ಲು ಬೆಳೆಯುವ ತಿಂಗಳುಗಳಲ್ಲಿ ಮಾತ್ರ, ಸ್ವಲ್ಪ ಸ್ವಲ್ಪವೇ ಎರಚಬೇಕು. ಉಳಿದ ಕಾಲಕ್ಕೆ ತುಂಬಿಡಲು ಸಾಕಷ್ಟು ದೊಡ್ಡ ತೊಟ್ಟಿ ಇಲ್ಲದವರ ಹಾಲನ್ನು ಫ್ರುಯಿತಿಯೇರ್ ತೆಗೆದುಕೊಳ್ಳಬಾರದು.