ಲೋರೆಮ್ ಇಪ್ಸಮ್ ಬದಲು ಕನ್ನಡ

ನಮ್ಮ ಸ್ಟುಡಿಯೊಗೆ ಬರುವ ಗ್ರಾಹಕರಲ್ಲಿ ಹೆಚ್ಚಿನವರು ಕನ್ನಡಿಗರಲ್ಲ. ಮುಂಬಯಿಯ ಮುಲುಂಡ್‌ನಲ್ಲಿ ಒಂದು ಹಲ್ಲಿನ ಕ್ಲಿನಿಕ್ಕಿಗೂ ಟ್ಯೂಷನ್ ಕ್ಲಾಸಿಗೂ ನಡುವೆ ಸಿಕ್ಕ ಜಾಗದಲ್ಲಿ ಕುಳಿತು ಜಾಲತಾಣ ಮಾಡಿಕೊಡುವ ಮೂವರು ನಾವು. ಸೀರೆ ಅಂಗಡಿ, ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆ, ಕೇಟರಿಂಗ್, ಹೌಸಿಂಗ್ ಸೊಸೈಟಿ, ನಡುನಡುವೆ ಒಂದೆರಡು ಕನ್ನಡ ಸಂಘ: ನಮ್ಮ ವ್ಯಾಪಾರ ಇಷ್ಟೇ. ಆದರೆ ಯಾರ ಜಾಲತಾಣವೇ ಆಗಲಿ, ವಿನ್ಯಾಸದ ಮೊದಲ ಕರಡಿನಲ್ಲಿ ನಾವು ತುಂಬುವ ಪಠ್ಯ ಕನ್ನಡದ್ದು. ಬೇರೆಯವರು ಲೋರೆಮ್ ಇಪ್ಸಮ್ ಎಂಬ ಅರ್ಥವಿಲ್ಲದ ಲ್ಯಾಟಿನ್ ಸುರಿಯುವ ಜಾಗದಲ್ಲಿ ನಮ್ಮಲ್ಲಿ ಯಕ್ಷಗಾನದ ಕರಪತ್ರವೋ, ಸಂಘದ ವಾರ್ಷಿಕ ವರದಿಯೋ ಇರುತ್ತದೆ. ತನ್ನ ಸೀರೆಗಳ ಕೆಳಗೆ ‘ಮಹಾಸಭೆಯ ಕಾರ್ಯಕಲಾಪಗಳು’ ಎಂದು ಕಂಡು ಘಾಟ್ಕೋಪರಿನ ಗುಜರಾತಿ ವ್ಯಾಪಾರಿಯೊಬ್ಬರು ನಿಜಕ್ಕೂ ಹೌಹಾರಿದರು. ಬೇರೆಯವರ ಕರಡನ್ನು ತಪ್ಪಿ ತೋರಿಸುತ್ತಿದ್ದೇವೆ ಎಂದುಕೊಂಡರು.

ಭಾಷಾಭಿಮಾನ ಸ್ವಲ್ಪ ಇದೆ, ಇಲ್ಲವೆನ್ನುವುದಿಲ್ಲ. ಮುಖ್ಯ ಕಾರಣ ಮಾತ್ರ ಕಸುಬಿನದು. ಇಂಗ್ಲಿಷ್ ಪಠ್ಯ ಯಾವ ಪೆಟ್ಟಿಗೆಯಲ್ಲಿ ತುಂಬಿದರೂ ತಕರಾರಿಲ್ಲದೆ ಕೂರುತ್ತದೆ. ವಿನ್ಯಾಸದಲ್ಲಿ ಎಲ್ಲಿ ದೋಷವಿದೆ ಎಂದು ಅದು ಹೇಳುವುದಿಲ್ಲ. ‘ರಾಷ್ಟ್ರ’ ಎಂದು ಹಾಕಿ ನೋಡಿ. ಒತ್ತಿನ ಪಕ್ಕಕ್ಕೆ ಇನ್ನೊಂದು ಒತ್ತು ಇಳಿಯುತ್ತದೆ. ಸಾಲುಗಳ ಅಂತರವನ್ನು ಅಕ್ಷರದ ಗಾತ್ರದ 1.2 ಪಟ್ಟು ಇಟ್ಟಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ. ನಾವು 1.6ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಎತ್ತರವನ್ನು ಬಿಗಿಯಾಗಿ ಕಟ್ಟಿಹಾಕಿದ ಬಟನ್ನಿನಲ್ಲಿ ಒತ್ತಕ್ಷರದ ಬಾಲ ಕತ್ತರಿಸಿಹೋಗುತ್ತದೆ. ಶೀರ್ಷಿಕೆಗೆ ದೊಡ್ಡಕ್ಷರ, ಉಪಶೀರ್ಷಿಕೆಗೆ ಸಣ್ಣಕ್ಷರ ಎಂಬ ಇಂಗ್ಲಿಷಿನ ಉಪಾಯ ಇಲ್ಲಿ ನಡೆಯುವುದಿಲ್ಲ, ಏಕೆಂದರೆ ನಮ್ಮಲ್ಲಿ ಆ ಭೇದವೇ ಇಲ್ಲ. ಇಟಾಲಿಕ್ ಕೇಳಿದರೆ ಬ್ರೌಸರ್ ನೆಟ್ಟಗಿರುವ ಅಕ್ಷರವನ್ನೇ ಓರೆ ಮಾಡಿ ನಿಲ್ಲಿಸುತ್ತದೆ. ದಪ್ಪ ಅಕ್ಷರವಿಲ್ಲದ ಫಾಂಟ್ ಆದರೆ ಅಂಚಿಗೆ ಮಸಿ ಬಳಿದು ದಪ್ಪವೆನ್ನಿಸುತ್ತದೆ, ಆಗ ಒಳಗಿನ ಬಿಳಿ ಜಾಗವೆಲ್ಲ ಮುಚ್ಚಿಹೋಗುತ್ತದೆ. ಇನ್ನು ‘ನೋಂದಾಯಿಸಿಕೊಳ್ಳಿ’ ಎಂಬ ಒಂದೇ ಪದ ಸಾಕು, ಮೊಬೈಲಿನ ಮೆನು ಎರಡು ಸಾಲಿಗೆ ಮುರಿಯಲು.

ಕನ್ನಡವನ್ನು ತಡೆದುಕೊಂಡ ವಿನ್ಯಾಸ ಮರಾಠಿಗೂ ಗುಜರಾತಿಗೂ ಇಂಗ್ಲಿಷಿಗೂ ತಾನಾಗಿ ಒಗ್ಗುತ್ತದೆ. ಇಂಗ್ಲಿಷಿಗೆಂದು ಹೊಲಿದದ್ದನ್ನು ಕೊನೆಯ ವಾರದಲ್ಲಿ ಕನ್ನಡಕ್ಕೆ ತೊಡಿಸಲು ಹೊರಟರೆ ಹೊಲಿಗೆ ಬಿಚ್ಚುವುದೇ ಕೆಲಸವಾಗುತ್ತದೆ. ಈ ನಗರದ ಎಷ್ಟೋ ಜಾಲತಾಣಗಳ ಮೂಲೆಯಲ್ಲಿರುವ ಭಾಷೆಯ ಬಟನ್ ಒತ್ತಿ ನೋಡಿ, ನಾನು ಹೇಳುತ್ತಿರುವುದು ಗೊತ್ತಾಗುತ್ತದೆ. ಮೆನು ಇಂಗ್ಲಿಷಿನಲ್ಲೇ ಉಳಿದಿರುತ್ತದೆ, ಸುದ್ದಿ ಹಳೆಯದಾಗಿರುತ್ತದೆ.

ನನಗೆ ಹೆಚ್ಚು ಬೇಸರ ತರಿಸುವುದು ಇದು ಮುಂಬಯಿಯಲ್ಲಿ ನಡೆಯುತ್ತಿದೆ ಎಂಬುದು. ಪರದೆಯ ಮೇಲಿನ ಕನ್ನಡ ಅಕ್ಷರಕ್ಕೆ ಈ ಊರಿನ ಋಣವಿದೆ. ವಿಂಡೋಸ್ ಎಕ್ಸ್‌ಪಿಯೊಂದಿಗೆ ಬಂದ ‘ತುಂಗಾ’ ಫಾಂಟ್ ನೆನಪಿದೆಯೇ? ಒಂದು ಕಾಲದಲ್ಲಿ ಯೂನಿಕೋಡ್ ಕನ್ನಡ, ಅಂದರೆ ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಗುರುತಿಸುವ ಕನ್ನಡ, ಎಂದರೆ ಅದೇ ಮುಖ. ಅದು ರೂಪುಗೊಂಡದ್ದು ಪೊವಾಯಿಯ ಐಐಟಿಯಲ್ಲಿ ಅಕ್ಷರ ವಿನ್ಯಾಸ ಕಲಿಸಿದ ಆರ್.ಕೆ. ಜೋಶಿಯವರ ನೇತೃತ್ವದಲ್ಲಿ. ಅವರು ಮರಾಠಿ ಕವಿಯೂ ಆಗಿದ್ದರು. ‘ಬಲೂ ತಮ್ಮ’ ಎಂಬ ದುಂಡುದುಂಡಾದ ಫಾಂಟನ್ನೂ, 2022ರಲ್ಲಿ ಹತ್ತು ಲಿಪಿಗಳಲ್ಲಿ ಒಟ್ಟಿಗೆ ಬಂದ ‘ಅನೇಕ್’ ಅನ್ನೂ ಮಾಡಿದ ಏಕ್ ಟೈಪ್ ಎಂಬ ಅಕ್ಷರ ವಿನ್ಯಾಸ ಸಂಸ್ಥೆ ಕೂಡ ಮುಂಬಯಿಯದೇ. ಎರಡೂ ಉಚಿತ. ಅನೇಕ್ ವೇರಿಯಬಲ್ ಫಾಂಟ್: ಒಂದೇ ಕಡತದಲ್ಲಿ ತೆಳುವಿನಿಂದ ದಪ್ಪಕ್ಕೆ, ಇಕ್ಕಟ್ಟಿನಿಂದ ಅಗಲಕ್ಕೆ ಬೇಕಾದಲ್ಲಿ ನಿಲ್ಲಿಸಬಹುದು. ಆ ‘ನೋಂದಾಯಿಸಿಕೊಳ್ಳಿ’ಯನ್ನು ಗಾತ್ರ ಕುಗ್ಗಿಸದೆ, ಅಗಲ ಮಾತ್ರ ತುಸು ಬಿಗಿದು ಮೆನುವಿನಲ್ಲಿ ಕೂರಿಸಿದ್ದು ಇದರಿಂದಲೇ. ಇಷ್ಟು ಒಳ್ಳೆಯ ಸಾಮಗ್ರಿ ಕೈಗೆ ಸಿಗುವಾಗಲೂ ಕನ್ನಡದ ಕರಪತ್ರವನ್ನು ಚಿತ್ರವಾಗಿ ಉಳಿಸಿ ಜಾಲತಾಣಕ್ಕೆ ಅಂಟಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಚಿತ್ರದೊಳಗಿನ ಅಕ್ಷರ ಹುಡುಕಾಟಕ್ಕೆ ಸಿಗುವುದಿಲ್ಲ. ಕಣ್ಣು ಕಾಣದವರಿಗೆ ಓದಿಹೇಳುವ ತಂತ್ರಾಂಶಕ್ಕೂ ಸುಲಭಕ್ಕೆ ದಕ್ಕುವುದಿಲ್ಲ. ಯಾವ ಮೇಳ ಯಾವ ವರ್ಷ ಯಾವ ಸಭಾಗೃಹದಲ್ಲಿ ಆಡಿತು ಎಂಬ ಮುಂಬಯಿ ಕನ್ನಡಿಗರ ಚರಿತ್ರೆ ಹೀಗೆ ವಾಟ್ಸ್‌ಆ್ಯಪ್ ಚಿತ್ರಗಳಲ್ಲಿ ಕರಗುತ್ತಿದೆ.

ಈಚೆಗೆ ಮುಗಿಸಿದ ಕೆಲಸಗಳಲ್ಲಿ ಒಂದು ಸಂಘದ ಸಭಾಗೃಹ ಕಾಯ್ದಿರಿಸುವ ಜಾಲತಾಣ. ಕಾರ್ಯದರ್ಶಿಗಳು ಮೊದಲು ಕೇಳಿದ್ದು ಸ್ಲೈಡರ್, ಒಂದರ ಹಿಂದೊಂದು ಸರಿಯುವ ಚಿತ್ರಗಳ ಪಟ್ಟಿ. “ಮಾರಾಯರೇ, ಅಧ್ಯಕ್ಷರ ಫೋಟೊ ತೆರೆದ ಕೂಡಲೇ ಕಾಣಬೇಡವೇ?” ಎಂದರು. ಲೋಕಲ್ ರೈಲಾದ ಡೊಂಬಿವಲಿ ಫಾಸ್ಟ್‌ನಲ್ಲಿ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಮೊಬೈಲ್ ಹಿಡಿದು ನಿಂತವರಿಗೆ ಬೇಕಾದ್ದು ಹಾಲ್ ಯಾವ ದಿನ ಖಾಲಿಯಿದೆ ಎಂಬ ಒಂದು ಮಾಹಿತಿ ಎಂದು ವಾದಿಸಿ ಗೆದ್ದೆವು. ಅಧ್ಯಕ್ಷರು ಎರಡನೆಯ ಪುಟಕ್ಕೆ ಹೋದರು. ಬಣ್ಣದ ವಿಷಯದಲ್ಲಿ ಗೆಲುವು ಅರ್ಧ. ಹಳದಿಯ ಮೇಲೆ ಕೇಸರಿ ಅಕ್ಷರ ಅವರ ಸಂಪ್ರದಾಯ. ಮಾಮೂಲಿ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸವಿರಬೇಕೆಂದು ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ಇವರದು ಅದರ ಹತ್ತಿರಕ್ಕೂ ಬರಲಿಲ್ಲ. ಹಿರಿಯ ಸದಸ್ಯರೊಬ್ಬರ ಕೈಗೆ ಮೊಬೈಲ್ ಕೊಟ್ಟು ಓದಿಸಿದ ಮೇಲೆ ಪಠ್ಯ ಕಪ್ಪಾಯಿತು, ಮೇಲಿನ ಪಟ್ಟಿ ಮಾತ್ರ ಕೇಸರಿಯಾಗಿಯೇ ಉಳಿಯಿತು.

ಕನ್ನಡದಲ್ಲಿ ಎಸ್‌ಎಂಎಸ್ ಕಳುಹಿಸುವುದು ಈ ಕೆಲಸದ ತಲೆನೋವಿನ ಭಾಗ. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ ಹಿಡಿಸುತ್ತವೆ, ಯೂನಿಕೋಡಿನಲ್ಲಿ 70. ಅದರಲ್ಲೂ ಕಾಗುಣಿತದ ಗುರುತು, ಒತ್ತು ಎಲ್ಲವೂ ಬೇರೆಬೇರೆಯಾಗಿ ಎಣಿಕೆಗೆ ಬರುತ್ತವೆ. ‘ನಿಮ್ಮ ಕಾಯ್ದಿರಿಸುವಿಕೆ ದೃಢಪಟ್ಟಿದೆ’ ಎನ್ನುವಷ್ಟರಲ್ಲಿ ಹೆಚ್ಚುಕಡಿಮೆ ಅರ್ಧ ಖರ್ಚಾಗಿರುತ್ತದೆ. ಜಾಲತಾಣದ ವಿಳಾಸದಲ್ಲೂ ಇದೇ ಪಾಡು. ‘ಮುಂಬಯಿ’ ಎಂಬುದನ್ನು ಪುಟದ ಕೊಂಡಿಯಲ್ಲಿ ಇಟ್ಟು ನಕಲಿಸಿದರೆ ಶೇಕಡಾ ಚಿಹ್ನೆಗಳ ಸಮೇತ 54 ಅಕ್ಷರಗಳ ಕಸವಾಗಿ ಹೊರಬರುತ್ತದೆ, ನೋಡಿದವರು ವೈರಸ್ ಇರಬೇಕೆಂದು ಒತ್ತುವುದೇ ಇಲ್ಲ. ಹಾಗಾಗಿ ಕೊಂಡಿಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಇಟ್ಟೆವು. ಹಟಕ್ಕೂ ಒಂದು ಮಿತಿಯಿದೆ.

ಈಗ ಕೈಯಲ್ಲಿರುವ ಕೆಲಸವೇ ನನ್ನನ್ನು ಹೆಚ್ಚು ಹಿಡಿದಿಟ್ಟಿದೆ: ಒಂದು ಸಂಘದ ಮಾಸಪತ್ರಿಕೆಯ ಹಳೆಯ ಸಂಚಿಕೆಗಳನ್ನು ಜಾಲತಾಣಕ್ಕೆ ತರುವುದು. 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿಯೂ 1926ರಲ್ಲಿ ಮೈಸೂರು ಅಸೋಸಿಯೇಷನ್ನೂ ಹುಟ್ಟಿದ ಊರಿದು. ಇಲ್ಲಿ ಕನ್ನಡದ ಮುದ್ರಿತ ಕಾಗದಕ್ಕೆ ಬರವಿಲ್ಲ. ಮೊಳೆಯಚ್ಚಿನ ಕಾಲದ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ, ಟೆಸರಾಕ್ಟ್ ಎಂಬ ಉಚಿತ ತಂತ್ರಾಂಶದಿಂದ ಓದಿಸಿ, ತಪ್ಪುಗಳನ್ನು ನಿವೃತ್ತ ಮೇಷ್ಟ್ರೊಬ್ಬರ ಕೈಯಲ್ಲಿ ತಿದ್ದಿಸುತ್ತಿದ್ದೇವೆ. ನಿಧಾನ, ಆದರೆ ದಾರಿ ನೇರ. ವಿಚಿತ್ರವೆಂದರೆ ಕಂಪ್ಯೂಟರಿನಲ್ಲೇ ಹುಟ್ಟಿದ ಸಂಚಿಕೆಗಳು ಅದಕ್ಕಿಂತ ಹಟಮಾರಿ. ಯೂನಿಕೋಡ್ ಬಳಕೆಗೆ ಬರುವ ಮೊದಲಿನ ನುಡಿ, ಬರಹ ಎಂಬ ತಂತ್ರಾಂಶಗಳ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದರು. ಕಣ್ಣಿಗೆ ‘ಕನ್ನಡ’ ಎಂದು ಕಾಣುವುದು ಯಂತ್ರದ ಪಾಲಿಗೆ ಒಂದು ‘ಪಿ’, ಒಂದು ಪೌಂಡ್ ಚಿಹ್ನೆ, ಜೊತೆಗೆ ಇನ್ನಷ್ಟು ಚೂರುಪಾರು. ಪರಿವರ್ತಕ ತಂತ್ರಾಂಶಗಳಿವೆ. ಆದರೆ ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ಉಚ್ಚಾರದಂತೆ ಮೊದಲು. ಈ ಹಿಂದುಮುಂದು ಸರಿಹೋಗದಿದ್ದರೆ ‘ಕಾರ್ಯಾಧ್ಯಕ್ಷ’ರ ಗತಿ ದೇವರಿಗೇ ಪ್ರೀತಿ. ಜಾಹೀರಾತಿನ ನಡುವೆ ಬರುವ ನಿಜವಾದ ಇಂಗ್ಲಿಷನ್ನೂ ಪರಿವರ್ತಕ ಕನ್ನಡವೆಂದೇ ಭ್ರಮಿಸುತ್ತದೆ. ಹೋಟೆಲ್ ಒಂದರ ಈಮೇಲ್ ವಿಳಾಸ ಯಾವ ಭಾಷೆಗೂ ಸೇರದ ಮಂತ್ರವಾಗಿ ಹೊರಬಿದ್ದಿತ್ತು.

ಎಲ್ಲ ಸರಿಹೋದ ಮೇಲೂ ಹುಡುಕಾಟದಲ್ಲಿ ಒಂದು ಕಾಣದ ಕಾಟವಿದೆ. ‘ಸಾಫ್ಟ್‌ವೇರ್’ ಬರೆಯುವಾಗ ‘ವ’ ಒತ್ತಾಗದಂತೆ ನಡುವೆ ಒಂದು ಅದೃಶ್ಯ ಗುರುತು ಹಾಕುತ್ತೇವೆ. ಒಬ್ಬರು ಹಾಕಿ, ಇನ್ನೊಬ್ಬರು ಹಾಕದೆ ಹುಡುಕಿದರೆ ಎರಡೂ ಬೇರೆ ಪದಗಳಾಗುತ್ತವೆ. ಹುಡುಕುವಾಗ ಆ ಗುರುತನ್ನು ಕಿತ್ತು ಹೋಲಿಸುವ ಪುಟ್ಟ ಕೋಡ್ ಬರೆದದ್ದೇ ಈ ವರ್ಷ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಕೆಲಸ. ಯಾರ ಕಣ್ಣಿಗೂ ಬೀಳದು, ಬಿಲ್ಲಿನಲ್ಲೂ ತೋರಿಸಲಾಗದು.

ತಂತ್ರಜ್ಞಾನದಲ್ಲಿ ನಿಮ್ಮ ಒಲವು ಏನು ಎಂದು ಹೊಸ ಹುಡುಗರು ಕೇಳುತ್ತಾರೆ. ಐದು ಪುಟದ ಜಾಲತಾಣಕ್ಕೆ ದೊಡ್ಡ ಜಾಲತಾಣ ಕಟ್ಟುವ ರಿಯಾಕ್ಟ್‌ನಂತಹ ಸಲಕರಣೆ ಬೇಡ ಎಂಬುದೇ ನನ್ನ ಒಲವು. ಹ್ಯೂಗೊದಂತಹ ಸಾಧನದಿಂದ ಮೊದಲೇ ಸಿದ್ಧಪಡಿಸಿದ ಸರಳ ಪುಟಗಳು ಬೇಗ ತೆರೆಯುತ್ತವೆ, ಹಾಳಾಗುವುದು ಕಡಿಮೆ, ಸಂಘದ ಸಮಿತಿ ಬದಲಾದರೂ ಉಳಿಯುತ್ತವೆ. ಎಐ ಕೋಡ್ ಬರೆಯಲು ಬಳಸುತ್ತೇವೆ; ಪೋಸ್ಟರಿಗೆ ಚಿತ್ರ ಕೇಳಿದಾಗ ಅದು ಬಿಡಿಸಿದ ಕನ್ನಡದಲ್ಲಿ ಜಿಲೇಬಿ ಬಿಟ್ಟು ಬೇರೇನೂ ಕಾಣಲಿಲ್ಲ.

ನಮ್ಮ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ, ಯಾರಿಗಾಗಿ ಇದೆಲ್ಲ ಎಂದು ಸಮಿತಿಗಳಲ್ಲಿ ಕೇಳುವವರಿದ್ದಾರೆ. ಮಾತು ಸುಳ್ಳಲ್ಲ, ಅದಕ್ಕೇ ಇಂಗ್ಲಿಷ್ ಪುಟಗಳೂ ಇವೆ. ಆದರೆ ಪತ್ರಿಕೆಯ ಹುಡುಕಾಟದ ಮಾದರಿ ತೋರಿಸಿದ ದಿನ ಹಾಗೆ ಕೇಳಿದವರೇ ತಮ್ಮ ತಂದೆಯ ಹೆಸರನ್ನು ಹಾಕಿ, ರಾತ್ರಿಶಾಲೆಯ ನಾಟಕವೊಂದರ ಪಾತ್ರಪಟ್ಟಿಯನ್ನು ಹೊರತೆಗೆದರು. ಆಮೇಲೆ ಸಭೆ ಮುಂದುವರಿಯಲು ಬಹಳ ಹೊತ್ತು ಹಿಡಿಯಿತು, ಎಲ್ಲರಿಗೂ ಅವರವರ ಅಪ್ಪಂದಿರ ಹೆಸರು ಹುಡುಕಬೇಕಿತ್ತು.

ಆದ್ದರಿಂದ ಒಂದು ಕೋರಿಕೆ. ಮುಂಬಯಿ, ಥಾಣೆ, ಪುಣೆ ಕಡೆಯ ಸಂಘಗಳಲ್ಲಿ ಪತ್ರಿಕೆ, ಸ್ಮರಣ ಸಂಚಿಕೆಗಳ ಕೆಲಸ ಮಾಡಿದವರು ಇದನ್ನು ಓದುತ್ತಿದ್ದರೆ ಹಳೆಯ ಸಿಡಿ, ಹಾರ್ಡ್ ಡಿಸ್ಕ್‌ಗಳನ್ನು ಎಸೆಯಬೇಡಿ. ಆಗ ಪುಟ ಜೋಡಿಸಲು ಬಳಸುತ್ತಿದ್ದ ಪೇಜ್‌ಮೇಕರ್‌ನ ಕೊನೆಯ ಪ್ರಮುಖ ಆವೃತ್ತಿ ಬಂದದ್ದು 2001ರಲ್ಲಿ. ಆ ಕಡತಗಳನ್ನು ತೆರೆಯಬಲ್ಲ ಕಂಪ್ಯೂಟರ್ ಒಂದನ್ನು ನಾವು ಜೋಪಾನವಾಗಿ ಇಟ್ಟುಕೊಂಡಿದ್ದೇವೆ. ಪಿಡಿಎಫ್ ಇದ್ದರೆ ಅದೂ ಇರಲಿ, ಮೂಲ ಕಡತವಿದ್ದರೆ ಕೆಲಸ ಅರ್ಧಕ್ಕರ್ಧ ಹಗುರವಾಗುತ್ತದೆ. ಯಾವ ಫಾಂಟಿನಲ್ಲಿ ಟೈಪ್ ಮಾಡಿದ್ದೆಂದು ನೆನಪಿದ್ದರೆ ಒಂದು ಚೀಟಿಯಲ್ಲಿ ಬರೆದಿಡಿ.